ದ್ಯಾವಕ್ಕನ ಗಂಟು

ನಮ್ಮ ಊರಿನಲ್ಲಿ ಒಂದು ಹೆಸರಿಗೆ ಒಬ್ಬರೇ. ಆ ಹೆಸರಿನವರು ಇಬ್ಬರಿದ್ದರೂ ಒಬ್ಬರೇ, ನಾಲ್ವರಿದ್ದರೂ ಒಬ್ಬರೇ, ಸತ್ತು ಮಣ್ಣಾಗಿ ಎಷ್ಟು ಕಾಲವಾಗಿದ್ದರೂ ಅವರೇ ಇವರು. ಕೇಳಿದ ಹೊರಗಿನವರು ನಗುತ್ತಾರೆ. ನಗಲಿ. ಸಂತೆಬೀದಿಯ ಪರಪ್ಪನ ಮದುವೆಯ ದಿನ ಕುಂಬಾರಗೇರಿಯ ಪರಪ್ಪ ಜಗಲಿಯ ಮೇಲೆ ಕೂತು ಅಳುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನ ಮದುವೆಯೂ ಆಗಿಹೋಗಿತ್ತಲ್ಲ, ಹೆಂಡತಿ ಮಾತ್ರ ಇನ್ನೊಬ್ಬನ ಮನೆ ತುಂಬಿದ್ದಳು. ಚುನಾವಣೆ ಬಂದರೆ ಇಬ್ಬರಿಗೂ ಸೇರಿ ಒಂದೇ ಓಟು. ಅದನ್ನು ಯಾರು ಹಾಕಬೇಕೆಂದು ಮತಗಟ್ಟೆಯ ಬಾಗಿಲಲ್ಲಿ ಕಾಲರು ಹಿಡಿದುಕೊಂಡು ಕಿತ್ತಾಡುವಷ್ಟರಲ್ಲಿ ಹೊತ್ತು ಮೀರಿ ಬಾಗಿಲು ಹಾಕಿರುತ್ತಾರೆ. ಬುದ್ಧಿ ಇದ್ದವರು ಮಕ್ಕಳಿಗೆ ಯಾರೂ ಇಡದ ಹೆಸರು ಹುಡುಕುತ್ತಾರೆ. ಆಸೆ ಇದ್ದವರು ದಫ್ತರಖಾನೆಗೆ ಹೋಗುತ್ತಾರೆ.

ದಫ್ತರಖಾನೆ ಎಂದರೆ ಊರ ನಡುವಿನ ಕಲ್ಲುಕಟ್ಟಡ. ಅಲ್ಲಿ ಹೆಸರಿಗೊಂದು ಬಟ್ಟೆಯ ಗಂಟು. ಆ ಹೆಸರಿನವರು ಬರೆದದ್ದು, ಅವರ ಮೇಲೆ ಬರೆದದ್ದು, ಹೆಬ್ಬೆಟ್ಟು ಒತ್ತಿದ್ದು, ಒತ್ತಿಸಿಕೊಂಡದ್ದು, ಎಲ್ಲವೂ ಒಂದೇ ಗಂಟಿನಲ್ಲಿ. ಗಂಟಿನಲ್ಲಿ ಇದ್ದದ್ದು ನಡೆದದ್ದು, ಇಲ್ಲದ್ದು ನಡೆದೇ ಇಲ್ಲ. ನಾಮಕರಣಕ್ಕೆ ಮೊದಲು ದೊಡ್ಡ ಮನೆತನದವರೆಲ್ಲ ಅಲ್ಲಿ ಸಾಲುಗಟ್ಟಿ ನಿಂತು, ಯಾವ ಗಂಟಿನಲ್ಲಿ ಮಾನ ಇದೆ, ಯಾವುದರಲ್ಲಿ ಕಳ್ಳತನ ಇದೆ ಎಂದು ಹಿಸುಕಿ ಹಿಸುಕಿ ನೋಡುತ್ತಾರೆ. ನಮ್ಮ ಪುರಸಭೆಯ ಅಧ್ಯಕ್ಷರು ಓಂಕಾರಪ್ಪನವರು. ಅವರ ಗಂಟಿನಲ್ಲಿ ಹಿಂದಿನ ಯಾವನೋ ಓಂಕಾರಪ್ಪ ಕೆರೆ ಕಟ್ಟಿಸಿದ ಕಾಗದವಿದೆ. ಇವರು ತಮ್ಮ ಜನ್ಮದಲ್ಲಿ ಚರಂಡಿಗೊಂದು ಚಪ್ಪಡಿ ಹಾಸಿಸಿದವರಲ್ಲ. ಆದರೂ ಪ್ರತಿ ಭಾಷಣವೂ 'ನಾನು ಈ ಕೆರೆ ಕಟ್ಟಿಸುವಾಗ' ಎಂದೇ ಶುರುವಾಗುತ್ತದೆ, ಜನ ಚಪ್ಪಾಳೆ ತಟ್ಟುತ್ತಾರೆ.

ನನ್ನ ಹೆಸರು ತಿಪ್ಪಕ್ಕ. ನನ್ನ ಗಂಟಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಒಂದು ಸಿಡುಬಿನ ಚುಚ್ಚುಮದ್ದಿನ ಚೀಟಿ, ನಲ್ಲಿಯ ಹತ್ತಿರ ಯಾರ ಜೊತೆಗೋ ಜಗಳವಾಡಿದ ಒಂದು ದೂರು, ಅಷ್ಟೇ. ನನ್ನ ಅಕ್ಕನ ಹೆಸರು ದ್ಯಾವಕ್ಕ. ನಮ್ಮಪ್ಪ ಅಮ್ಮ ಗಂಟು ಬಿಚ್ಚಿಸಿ ನೋಡಿ ಹೆಸರಿಟ್ಟವರಲ್ಲ, ಅವರಿಗೆ ಅದಕ್ಕೆಲ್ಲ ಪುರುಸೊತ್ತು ಇರಲಿಲ್ಲ. ಅಕ್ಕನ ಗಂಡ ತೀರಿಕೊಂಡ ಮೇಲೆ, ನಾನು ನನ್ನ ಗಂಡನನ್ನು ಬಿಟ್ಟ ಮೇಲೆ, ಇಬ್ಬರೂ ಅಪ್ಪನ ಮನೆಯ ಮಂಡಕ್ಕಿ ಭಟ್ಟಿಗೆ ಬಂದು ಕೂತೆವು. ಉಪ್ಪುನೀರು ಸೋಕಿಸಿದ ಅಕ್ಕಿಯನ್ನು ಕಾದ ಮರಳಿಗೆ ಸುರಿಯುವುದು, ಅರಳಿದ್ದೇ ತಡ ಜರಡಿಗೆ ಎತ್ತಿ ಮರಳನ್ನು ಉದುರಿಸುವುದು, ಇದು ಅಕ್ಕನ ಕೆಲಸ. ಮಾರುವುದು, ಬಾಯಿ ಮಾಡುವುದು ನನ್ನ ಕೆಲಸ. ಅಕ್ಕನಿಗೆ ಆ ಮನೆ ಬಿಟ್ಟರೆ ಬೇರೆ ಲೋಕವಿರಲಿಲ್ಲ. ನೆಂಟರ ಮನೆಗೆ ಹೋದರೂ ರಾತ್ರಿ ಉಳಿಯುತ್ತಿರಲಿಲ್ಲ, ಬೇರೆ ಸೂರಿನ ಕೆಳಗೆ ನಿದ್ದೆ ಹತ್ತುವುದಿಲ್ಲ ಎನ್ನುತ್ತಿದ್ದಳು.

ಇಂಥ ಅಕ್ಕನ ಮೇಲೆ ಸಂಶೋಧಕ ಪಂಚಾಕ್ಷರಯ್ಯನವರ ಕಣ್ಣು ಬಿತ್ತು. ಅವರು ಕಾಲೇಜಿನಲ್ಲಿ ಚರಿತ್ರೆ ಹೇಳುವವರು. ವರ್ಷಗಟ್ಟಲೆ ಯಾವುದೋ ಪಾಳೆಯಗಾರನ ಬೆನ್ನು ಹತ್ತಿ, ಅವನ ಕುದುರೆಯ ಹೆಸರೂ ಸಿಗದೆ, ಮುಖ ಒಣಗಿಸಿಕೊಂಡು ಓಡಾಡುತ್ತಿದ್ದರು. ಒಂದು ದಿನ ದಫ್ತರಖಾನೆಯಲ್ಲಿ ಮೇಲಿನ ಸಾಲಿನ ಗಂಟೊಂದು ಜಾರಿ ಅವರ ತಲೆಯ ಮೇಲೆಯೇ ಬಿತ್ತು. ಬಿಚ್ಚಿ ನೋಡಿದರೆ ದ್ಯಾವಕ್ಕ. ಒಂದು ಹಳೆಯ ಮೊಕದ್ದಮೆಯಲ್ಲಿ ಸೂಲಗಿತ್ತಿ ದ್ಯಾವಕ್ಕ ಕೊಟ್ಟ ಸಾಕ್ಷಿ. ಹಕ್ಕಿಗಳ ಮೊಟ್ಟೆಯ ಬಣ್ಣದ ಚಿತ್ರಗಳು, ಮೂಲೆಯಲ್ಲಿ ದ್ಯಾವಕ್ಕ ಎಂದು ಸಹಿ. ಜೋಳದ ತೆನೆಗೆ ಬರುವ ಕಾಡಿಗೆ ರೋಗದ ಮೇಲೆ ಯಾವುದೋ ಬೇಸಾಯದ ಸಂಘಕ್ಕೆ ದ್ಯಾವಕ್ಕ ಬರೆದು ಕಳಿಸಿದ ಲೇಖನ. ಸೈಕಲ್ ಪಂದ್ಯದಲ್ಲಿ ಗೆದ್ದು ಬಟ್ಟಲು ಹಿಡಿದು ನಿಂತ ಹೆಣ್ಣಿನ ಫೋಟೋ, ಹಿಂದೆ ಪೆನ್ಸಿಲಿನಲ್ಲಿ ಅದೇ ಹೆಸರು. ಒಂದು ಗ್ರಾಮಫೋನ್ ತಟ್ಟೆಯಲ್ಲಿ ಮುದ್ರಿಸಿದ ಲಾಲಿ ಹಾಡು.

ತಲೆ ನೆಟ್ಟಗಿರುವ ಯಾರಾದರೂ ಏನು ತಿಳಿಯುತ್ತಾರೆ? ಇಷ್ಟು ಜನ ಹೆಂಗಸರು ಈ ಊರಿನಲ್ಲಿ ಬಾಳಿ ಹೋದರು, ಒಬ್ಬೊಬ್ಬಳ ಕಷ್ಟ ಒಂದೊಂದು, ಪಾಪ ಎನ್ನುತ್ತಾರೆ. ಪಂಚಾಕ್ಷರಯ್ಯನವರಿಗೆ ಕಂಡದ್ದು ಒಬ್ಬಳೇ ಮಹಾತಾಯಿ. ಸೂಲಗಿತ್ತಿಯಾಗಿದ್ದರಿಂದ ಜೀವದ ಮೂಲ ಹುಡುಕುತ್ತ ಮೊಟ್ಟೆಗೆ ಬಂದಳು, ಮೊಟ್ಟೆಯಿಂದ ಕಾಳಿಗೆ, ಕಾಳು ನೋಡಲು ಹೊಲದಿಂದ ಹೊಲಕ್ಕೆ ಹೋಗಬೇಕಾಗಿ ಸೈಕಲ್ ಕಲಿತಳು ಎಂದು ಅವರು ಪತ್ರಿಕೆಯಲ್ಲಿ ಬರೆದರು. ಲಾಲಿ ಹಾಡನ್ನು ಎಲ್ಲಿ ಸೇರಿಸುವುದೆಂದು ತಿಳಿಯದೆ ಕೊನೆಯಲ್ಲಿ 'ವಿಶ್ರಾಂತಿ' ಎಂದು ತಲೆಬರಹ ಕೊಟ್ಟು ಅಂಟಿಸಿದ್ದರು. ಅದನ್ನು ಓದಿ ನನಗೆ ನಗು ತಡೆಯಲಾಗಲಿಲ್ಲ. ಊರು ನಗಲಿಲ್ಲ. ಆ ಮಹಾತಾಯಿ ಗಾಣಿಗರ ಬೀದಿಯ ಕೊನೆಯಲ್ಲಿ ಜೀವಂತ ಕೂತು ಮಂಡಕ್ಕಿ ಹುರಿಯುತ್ತಿದ್ದಾಳೆ ಎಂದು ಎಲ್ಲರೂ ಎದ್ದು ಬಂದರು.

ಅಕ್ಕನನ್ನು ಬಾಣಲೆಯ ಮುಂದಿನಿಂದ ಎಬ್ಬಿಸಿ, ಶಾಲು ಹೊದಿಸಿ, ವೇದಿಕೆಯ ಮೇಲೆ ಕೂರಿಸಿದರು. ಪಂಚಾಕ್ಷರಯ್ಯನವರು ಕೈ ಮುಗಿದು, ತಾಯಿ, ತಾವು ಗೀಜಗನ ಮೊಟ್ಟೆಯ ಚಿತ್ರ ಬರೆದದ್ದು ಯಾವ ಕಾಲದಲ್ಲಿ ಎಂದು ಕೇಳಿದರು. ಅಕ್ಕ, ತಾನು ಕೋಳಿಮೊಟ್ಟೆ ಬಿಟ್ಟು ಬೇರೆ ಯಾವುದನ್ನೂ ಕಂಡವಳಲ್ಲ ಎಂದಳು. ಸಭೆಯೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡಿತು. ಇದೇ ವಿನಯ ಎಂದು ಓಂಕಾರಪ್ಪನವರು ಮೈಕಿನಲ್ಲಿ ಹೇಳಿದರು, ಚಪ್ಪಾಳೆ ಬಿತ್ತು. ಸೈಕಲ್ಲು ಹತ್ತಲು ಬರುವುದಿಲ್ಲ ಎಂದಾಗ ಇನ್ನೂ ದೊಡ್ಡ ಚಪ್ಪಾಳೆ ಬಿತ್ತು.

ನಾನು ಸುಮ್ಮನಿರಲಿಲ್ಲ. ಸಭೆಯ ನಡುವೆಯೇ ಎದ್ದು, ಒಂದೊಂದು ಕಾಗದದ ಹಿಂದೆ ಒಂದೊಂದು ಹೆಂಗಸು ಇದ್ದಾಳೆ, ಎಲ್ಲರನ್ನೂ ತಂದು ನಮ್ಮಕ್ಕನ ತಲೆಗೆ ಕಟ್ಟಿದರೆ ಅವಳ ಕತ್ತು ತಡೆಯುವುದಿಲ್ಲ ಎಂದೆ. ಪಂಚಾಕ್ಷರಯ್ಯನವರು ನನ್ನನ್ನು ನೋಡಿ ಮರುಕದಿಂದ ನಕ್ಕರು. ನನ್ನ ಗಂಟಿನಲ್ಲಿ ಏನಿದೆ ಎಂದು ಅವರಿಗೆ ಗೊತ್ತಿತ್ತು. ಒಂದು ಚುಚ್ಚುಮದ್ದು, ಒಂದು ಜಗಳ. ಅಂಥವಳ ಮಾತಿಗೆ ಏನು ತೂಕ. ನಿಮ್ಮ ತಲೆಯಲ್ಲಿರುವುದು ಮಿದುಳೋ ಜರಡಿಯಲ್ಲಿ ಉಳಿದ ಮರಳೋ ಎಂದು ಕೇಳಿದೆ. ಓಂಕಾರಪ್ಪನವರ ಕಡೆಯವರು ನನ್ನ ತೋಳು ಹಿಡಿದು ಹೊರಗೆ ಬಿಟ್ಟರು.

ಆಮೇಲೆ ನಡೆದದ್ದನ್ನು ನಮ್ಮ ಊರಿನವರು ಮಾತ್ರ ಮಾಡಲು ಸಾಧ್ಯ. ಅಂಥ ಗಂಟು ಮಂಡಕ್ಕಿಯವಳೊಬ್ಬಳಿಗೇ ಇರುವುದು ದೊಡ್ಡವರಿಗೆ ಸಹಿಸಲಾಗಲಿಲ್ಲ. ಓಂಕಾರಪ್ಪನವರ ಸೊಸೆಗೆ ಹೆಣ್ಣು ಹುಟ್ಟಿ ತಿಂಗಳಾಗಿತ್ತು. ಧಾಂ ಧೂಂ ಎಂದು ತೊಟ್ಟಿಲು ಕಟ್ಟಿ ಕೂಸಿಗೆ ದ್ಯಾವಕ್ಕ ಎಂದು ಹೆಸರಿಟ್ಟರು. ಇಟ್ಟ ಗಳಿಗೆಯಿಂದ ಆ ಕೂಸು ವಿಜ್ಞಾನಿ, ಚಿತ್ರಗಾತಿ, ಸೈಕಲ್ ಪಟು. ಪಂಚಾಕ್ಷರಯ್ಯನವರು ಹಿಂದೆ ಬೀಳುತ್ತಾರೆಯೇ? ಇನ್ನೂ ಹೆಸರಿಡದಿದ್ದ ತಮ್ಮ ಎಳೆಮಗಳಿಗೂ ಅದನ್ನೇ ಇಟ್ಟರು. ಇಟ್ಟ ಹೆಸರನ್ನು ನಮ್ಮಲ್ಲಿ ಬದಲಾಯಿಸುವಂತಿಲ್ಲ, ಯಾಕೆಂದರೆ ಬಿಟ್ಟ ಹೆಸರಿನವನು ಸತ್ತಂತೆ, ಅವನಿಗೆ ತಿಥಿ ಮಾಡಬೇಕು. ಹೀಗೆ ಅಕ್ಕ ಕೂತಲ್ಲೇ ಇನ್ನೆರಡು ತೊಟ್ಟಿಲಲ್ಲಿ ಮಲಗಿದಳು. ಅವಳಿಗೇನೋ ಸಂತೋಷವೇ ಆಯಿತು. ಮಕ್ಕಳಿಲ್ಲದವಳು, ಎರಡೂ ಮನೆಗೆ ಮಂಡಕ್ಕಿ ಉಂಡೆ ಕಟ್ಟಿ ಕಳಿಸಿದಳು.

ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಪಂಚಾಕ್ಷರಯ್ಯನವರಿಗೆ ಅಭಿನಂದನಾ ಗ್ರಂಥದ ಚಪಲ ಹತ್ತಿತು. ಗಂಟಿನ ತಳದಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದ ಕಾಗದಗಳನ್ನು ಬಿಡಿಸಿ, ಅದರಲ್ಲಿ ಒಂದನ್ನು ಗ್ರಂಥ ಬಿಡುಗಡೆಯ ದಿನ ನೇರವಾಗಿ ವೇದಿಕೆಗೇ ತಂದರು. ಮೊದಲೇ ಓದಿದರೆ ರೋಮಾಂಚನ ಹೋಗುತ್ತದೆ ಎಂದು ತಾವೂ ಓದಿರಲಿಲ್ಲವಂತೆ. ಕನ್ನಡಕ ಏರಿಸಿ, ದನಿ ಎತ್ತಿ, ದ್ಯಾವಕ್ಕ ಎಂಬಾಕೆಯು ಊರ ಸಿಹಿನೀರ ಬಾವಿಗೆ ಎಂದು ಶುರು ಮಾಡಿದರು. ಮೆಟ್ಟಿಲು ಕಟ್ಟಿಸಿದಳು ಎಂದುಕೊಂಡು ಜನ ಕೈ ಜೋಡಿಸಿ ಸಿದ್ಧವಾದರು. ವಿಷ ಬೆರೆಸಿದ್ದು ರುಜುವಾತಾಗಿ, ಎಂದು ಅದೇ ಎತ್ತಿದ ದನಿಯಲ್ಲಿ ಓದಿಬಿಟ್ಟರು. ಹಿಂದಿನ ಸಾಲಿನವರು ರೂಢಿಯಂತೆ ಚಪ್ಪಾಳೆಯನ್ನೂ ತಟ್ಟಿಬಿಟ್ಟರು. ಆಕೆಯನ್ನು ಗಡಿಕಲ್ಲಿನಿಂದ ಆಚೆ ಹಾಕತಕ್ಕದ್ದು, ಊರು ತಾನಾಗಿ ಕರೆಯುವ ತನಕ ಒಳಗೆ ಬಿಡತಕ್ಕದ್ದಲ್ಲ ಎಂದು ಕಾಗದ ಮುಗಿದಿತ್ತು. ಹಾಗೆ ಹಾಕಿದ್ದಕ್ಕೆ ಬೇರೆ ಕಾಗದವಿರಲಿಲ್ಲ. ಕಾಗದವಿಲ್ಲವೆಂದ ಮೇಲೆ ಹಾಕಿಲ್ಲ. ಶಿಕ್ಷೆ ಹಾಗೆಯೇ ಬಾಕಿ ನಿಂತಿದೆ ಎಂದಾಯಿತು.

ಎಲ್ಲರೂ ಅಕ್ಕನ ಕಡೆ ತಿರುಗಿದರು. ಆಗತಾನೇ ವೇದಿಕೆಯಲ್ಲಿ ಹೊದಿಸಿದ ಶಾಲು ಇನ್ನೂ ಅವಳ ಹೆಗಲ ಮೇಲೆಯೇ ಇತ್ತು. ಅವಳು ಏನಾಯಿತೆಂದು ತಿಳಿಯದೆ ನನ್ನನ್ನು ಹುಡುಕುತ್ತಿದ್ದಳು. ಬೆಳಿಗ್ಗೆ ಅವಳ ಕಾಲಿಗೆ ಬಿದ್ದಿದ್ದ ಹೆಂಗಸರು ಮನೆಯಲ್ಲಿದ್ದ ಕೊಡದ ನೀರನ್ನು ಚೆಲ್ಲಲು ಓಡಿದರು.

ಓಂಕಾರಪ್ಪನವರಿಗೆ ಉಳಿದವರಿಗಿಂತ ಬೇಗ ಇನ್ನೊಂದು ವಿಷಯ ಹೊಳೆಯಿತು. ಬಾವಿಗೆ ವಿಷ ಹಾಕಿದವಳು ಅವರ ಮನೆಯ ತೊಟ್ಟಿಲಲ್ಲೂ ಕೈಕಾಲು ಆಡಿಸುತ್ತಿದ್ದಳು. ಇನ್ನೊಬ್ಬರಾಗಿದ್ದರೆ ಅಲ್ಲಿಗಾದರೂ, ಇದೆಂಥ ಹುಚ್ಚು ಎಂದು ಕಾಗದ ಹರಿದು ಎಸೆಯುತ್ತಿದ್ದರು. ಇವರು ಪಂಚಾಕ್ಷರಯ್ಯನವರನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ತೀರ್ಮಾನವಾಗಿತ್ತು. ಮೂವರೂ ಒಬ್ಬಳೇ ಎಂದ ಮೇಲೆ ಒಬ್ಬಳು ಶಿಕ್ಷೆ ಉಂಡರೆ ಎಲ್ಲರೂ ಉಂಡ ಹಾಗೆಯೇ. ಕೂಸುಗಳಿಗೆ ನಡೆಯಲು ಬರುವುದಿಲ್ಲ. ದೊಡ್ಡ ದ್ಯಾವಕ್ಕನಿಗೆ ಕಾಲಿದೆ.

ಅಕ್ಕ ಅಳಲಿಲ್ಲ. ತನ್ನ ಬಾಣಲೆ, ಜರಡಿ, ವರ್ಷಗಟ್ಟಲೆ ಸೋಸಿ ಸೋಸಿ ಹದ ಮಾಡಿಕೊಂಡಿದ್ದ ಮರಳು, ಇಷ್ಟನ್ನು ಕೈಗಾಡಿಗೆ ಹೇರಿಸಿಕೊಂಡಳು. ಬಾಗಿಲಿಗೆ ಬೀಗ ಹಾಕಿ ಮತ್ತೆ ತೆಗೆದು ಒಳಗೆ ಹೋಗಿ, ಗೋಡೆ ಮುಟ್ಟಿ ಬಂದು, ಮತ್ತೆ ಹಾಕಿದಳು. ಗಡಿಕಲ್ಲಿನವರೆಗೆ ಓಂಕಾರಪ್ಪನವರು ಜೊತೆಯಲ್ಲಿ ನಡೆದು ಬಂದು ಕಣ್ಣೊರೆಸಿಕೊಂಡರು. ತ್ಯಾಗ ಎನ್ನುವ ಮಾತನ್ನು ಎಷ್ಟು ಸಲ ಹೇಳಿದರೋ. ನನಗೆ ಶಿಕ್ಷೆ ಇರಲಿಲ್ಲ, ಆದರೂ ಗಾಡಿ ನೂಕಿಕೊಂಡು ಅವಳ ಜೊತೆ ದಾಟಿದೆ.

ಕಲ್ಲಿನ ಆಚೆ ಒಂದು ಬೇಲದ ಮರದ ಕೆಳಗೆ ತಗಡು ಹೊದಿಸಿ ಭಟ್ಟಿ ಹೂಡಿದೆವು. ಅಲ್ಲಿಗೆ ನಮ್ಮ ಮನೆಯ ಹಿಂಬದಿ ಕಾಣುತ್ತಿತ್ತು, ಅದೇ ಕೆಟ್ಟದ್ದಾಯಿತು. ಅಕ್ಕ ಮಂಡಕ್ಕಿ ಹುರಿಯುತ್ತ ಹುರಿಯುತ್ತ ಅತ್ತ ನೋಡುವಳು, ಮರಳಿನಲ್ಲಿ ಅಕ್ಕಿ ಸೀದುಹೋಗುವುದು. ಅವಳ ಕೈಯಲ್ಲಿ ಮಂಡಕ್ಕಿ ಸೀದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ದಿನಾ ಸಂಜೆ ನನ್ನನ್ನು ಮನೆಗೆ ಅಟ್ಟುತ್ತಿದ್ದಳು. ಬೀಗ ಇದೆಯೇ ನೋಡು, ಹೆಂಚು ಸರಿದಿದೆಯೇ ನೋಡು, ದೀಪ ಹಚ್ಚಿ ಬಾ. ಬಂದ ಮೇಲೆ, ಒಳಗೆ ಹೇಗಿತ್ತು ಎಂದು ಊರಿಂದ ಬಂದ ನೆಂಟರನ್ನು ವಿಚಾರಿಸುವ ಹಾಗೆ ವಿಚಾರಿಸುತ್ತಿದ್ದಳು. ರಾತ್ರಿಯೆಲ್ಲ ಅವಳು ಮಗ್ಗುಲು ಬದಲಿಸುವುದು ನನಗೆ ಕೇಳುತ್ತಿತ್ತು. ಆ ಊರಿನ ಮೇಲೆ ಆಗ ನನಗೆ ಬಂದ ಸಿಟ್ಟು ಈಗಲೂ ಇಳಿದಿಲ್ಲ.

ಈ ನಡುವೆ ಒಳಗೆ ದೊಡ್ಡವರ ಲೆಕ್ಕ ತಲೆಕೆಳಗಾಯಿತು. ಓಂಕಾರಪ್ಪನವರ ಮೊಮ್ಮಗಳಿಗೆ ಜ್ವರ ಬಂತು. ಸೊಸೆ ಗೌರಾಂಬೆ ಕೂಸನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದರೆ, ಹೆಸರು ಕೇಳಿದ ಗುಮಾಸ್ತ ಚೀಟಿ ಬರೆಯುವುದಿಲ್ಲ ಎಂದ. ದ್ಯಾವಕ್ಕನನ್ನು ಗಡಿಯಾಚೆ ಹಾಕಿ ಅಧ್ಯಕ್ಷರೇ ರುಜು ಮಾಡಿದ್ದಾರೆ, ಆಚೆ ಇರುವವಳು ಈಚೆ ಆಸ್ಪತ್ರೆಗೆ ಬರುವುದು ಹೇಗೆ ಎಂದು ಕೇಳಿದ. ಕೂಸು ಅವನ ಮೇಜಿನ ಮೇಲೆಯೇ ಅಳುತ್ತಿತ್ತು, ಅವನು ಅದರ ಆಚೆಗೆ ಕಣ್ಣು ಹಾಯಿಸಿ ಮುಂದಿನವರು ಬನ್ನಿ ಎಂದನಂತೆ. ಅವನನ್ನು ಬೈದು ಏನು ಪ್ರಯೋಜನ? ಊರು ಕಲಿಸಿದ್ದನ್ನು ಅವನು ಚೆನ್ನಾಗಿ ಕಲಿತಿದ್ದ. ಉಂಡ ಶಿಕ್ಷೆ ಎಲ್ಲರಿಗೂ ಸಲ್ಲುವುದಾದರೆ, ಉಣ್ಣುತ್ತಿರುವ ಶಿಕ್ಷೆಯೂ ಸಲ್ಲಬೇಕಲ್ಲ. ಇದು ಅಧ್ಯಕ್ಷರಿಗೂ ಹೊಳೆದಿರಲಿಲ್ಲ, ಸಂಶೋಧಕರಿಗೂ ಹೊಳೆದಿರಲಿಲ್ಲ.

ಊರು ತಾನಾಗಿ ಕರೆದರೆ ಮುಗಿಯುತ್ತಿತ್ತು. ಕರೆಯಲು ಯಾರಿಗೂ ಧೈರ್ಯವಿಲ್ಲ. ವಿಷ ಹಾಕಿದವಳನ್ನು ಕರೆದವನು ಎಂದು ಅವನ ಗಂಟಿಗೆ ಒಂದು ಕಾಗದ ಸೇರುತ್ತದೆ, ಮುಂದೆ ಅವನ ಹೆಸರನ್ನು ಯಾರೂ ಇಡುವುದಿಲ್ಲ. ಹಾಗಾದರೆ ಅವಳು ವಿಷ ಹಾಕಿಯೇ ಇಲ್ಲ ಎಂದಾಗಬೇಕು. ನಮ್ಮಲ್ಲಿ ಹಳೆಯ ಕಾಗದವನ್ನು ಹೊಸದು ಅಳಿಸುವಂತಿಲ್ಲ, ಅಷ್ಟೇ ಹಳೆಯದು ಬೇಕು. ಪಂಚಾಕ್ಷರಯ್ಯನವರು ದಫ್ತರಖಾನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರ ಮನೆಯಿಂದ ಒಳಗೆ ಚಹಾ ಹೋಗುತ್ತಲೇ ಇತ್ತು ಎಂದು ನೋಡಿದವರು ಹೇಳಿದರು.

ಮಾರನೆಯ ಬೆಳಿಗ್ಗೆ ಊರಿಗೆ ಊರೇ ಗಡಿಕಲ್ಲಿನ ಹತ್ತಿರ ಬಂದು ನಿಂತಿತು. ವಾದ್ಯ ತಂದಿದ್ದರು. ಗೌರಾಂಬೆ ಮೈ ಸುಡುತ್ತಿದ್ದ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಮಾವನ ಪಕ್ಕದಲ್ಲಿ ನಿಂತಿದ್ದಳು. ದ್ಯಾವಕ್ಕ ನಿರಪರಾಧಿ ಎಂಬ ಕಾಗದ ಸಿಕ್ಕಿದೆ, ಮನೆಗೆ ನಡೆಯಿರಿ ಎಂದು ಯಾರೋ ಮೊದಲೇ ಕೂಗಿ ಹೇಳಿದರು. ಅಕ್ಕ ಇನ್ನೊಂದು ಮಾತಿಗೆ ಕಾಯಲಿಲ್ಲ. ಒಲೆ ಆರಿಸಿದಳು. ಬಿಸಿ ಆರದ ಮರಳನ್ನು ಡಬ್ಬಕ್ಕೆ ಸುರಿದು, ಬಾಣಲೆಯನ್ನು ಸೊಂಟಕ್ಕೆ ಏರಿಸಿ, ಕಲ್ಲಿನ ಕಡೆ ನಡೆದೇಬಿಟ್ಟಳು. ಅಷ್ಟು ದಿನದಿಂದ ನೋಯುತ್ತಿದ್ದ ಮಂಡಿ ಅವಳಿಗೆ ಆಗ ನೆನಪೇ ಇರಲಿಲ್ಲ. ನನಗೂ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಕಳ್ಳ ಕಾಗದವೋ ಸುಳ್ಳು ಕಾಗದವೋ, ಅಕ್ಕ ತನ್ನ ಮನೆಯಲ್ಲಿ ಮಲಗಿದರೆ ಸಾಕಿತ್ತು. ಜರಡಿ ಹಿಡಿದು ನಾನೂ ಹಿಂದೆ ಹೊರಟೆ.

ಪದ್ಧತಿ ಇದೆಯಲ್ಲ, ಕಾಗದ ಓದಬೇಕು. ಪಂಚಾಕ್ಷರಯ್ಯನವರು ಬಿಡಿಸಿದರು. ಹಾಳೆಗೆ ಚಹಾದ ಬಣ್ಣ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಹಿಡಿದಿತ್ತು. ಈ ಸಲ ಅವರು ಮೊದಲೇ ಓದಿಕೊಂಡಿದ್ದರು, ದನಿ ಮೆತ್ತಗಿತ್ತು. ದ್ಯಾವಕ್ಕನ ಮೇಲಿನ ಆರೋಪ ಸುಳ್ಳೆಂದು ಆಮೇಲೆ ತಿಳಿದುಬಂದುದರಿಂದ ಆಕೆಯನ್ನು ಮಾನದಿಂದ ಒಳಗೆ ಕರೆಯತಕ್ಕದ್ದು ಎಂದು ಓದಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ವಿಷ ಬಿದ್ದದ್ದು ರುಜುವಾತಾಗಿದೆಯಲ್ಲ, ಯಾರೋ ಒಬ್ಬರು ಹಾಕಿರಲೇಬೇಕು. ಯಾವ ದೊಡ್ಡ ಮನೆಯಲ್ಲೂ ಇರದ, ಯಾವ ತೊಟ್ಟಿಲಲ್ಲೂ ಮಲಗಿರದ ಹೆಸರೊಂದು ಬೇಕಿತ್ತು. ಸದರಿ ವಿಷವನ್ನು ಬೆರೆಸಿದಾಕೆ ತಿಪ್ಪಕ್ಕ ಎಂಬವಳಾಗಿದ್ದು, ಆಕೆಯನ್ನು ಗಡಿಕಲ್ಲಿನಿಂದ ಆಚೆ ಹಾಕತಕ್ಕದ್ದು ಎಂದು ಓದಿ ಅವರು ಕಾಗದ ಮಡಚಿದರು. ನನ್ನ ಕಡೆ ನೋಡಲಿಲ್ಲ.

ನಾನು ಆಗಲೇ ಆಚೆಯೇ ಇದ್ದೆ. ನಾನು ಒಂದು ಹೆಜ್ಜೆಯನ್ನೂ ಇಡದೆ ನನ್ನ ಶಿಕ್ಷೆ ಜಾರಿಯಾಗಿತ್ತು. ಅಕ್ಕ ಕಲ್ಲಿನ ಹತ್ತಿರ ಹೋಗಿದ್ದವಳು ಅಲ್ಲೇ ನಿಂತಳು.

"ತಿಪ್ಪಿ ಬರಂಗಿಲ್ವಾ?" ಎಂದು ಕೇಳಿದಳು.

"ಕಾಗದ ಹೇಳುತ್ತಲ್ಲಮ್ಮ, ನಾವೇನು ಮಾಡಾಣ," ಎಂದರು ಓಂಕಾರಪ್ಪನವರು. "ಬೇಗ ಈಚೆ ಬನ್ನಿ. ನೀವು ಆಚೆ ಇರೋಗಂಟ ಆಸ್ಪತ್ರೇಲಿ ಚೀಟಿ ಬರೆಯಲ್ಲ, ಕೂಸಿಗೆ ಜ್ವರ ಏರ್ತಾ ಐತೆ."

ಅಕ್ಕ ತನ್ನ ಮನೆಯ ಹೆಂಚನ್ನು ನೋಡಿದಳು. ನಾನು ಅವಳಿಗೆ, ನೀನು ಹೋಗು, ನಾನು ದಿನಾ ಕಲ್ಲಿನ ಹತ್ತಿರ ಬಂದು ಮಂಡಕ್ಕಿ ಒಯ್ದು ಮಾರುತ್ತೇನೆ ಎಂದೆ. ನಿಜವಾಗಿಯೂ ಅವಳು ಹೋಗಲಿ ಎಂದೇ ಹೇಳಿದೆ. ಅವಳು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಸೊಂಟದ ಮೇಲಿನ ಬಾಣಲೆಯನ್ನು ಇಳಿಸಿ ನೆಲಕ್ಕಿಟ್ಟು, ಗೌರಾಂಬೆಯ ಕಡೆ ಎರಡೂ ಕೈ ಚಾಚಿದಳು.

"ಕೂಸನ್ನ ಇಲ್ಲಿ ಕೊಡವ್ವ. ನಾನೂ ಅದೂ ಒಬ್ಬಳೇ ಅಂತ ನಿಮ್ಮೋರೇ ಅಂದವ್ರೆ. ನಾನು ಈ ಕಡೆ ಇರ್ತೀನಿ, ಅದೂ ಇರ್ಲಿ. ಡಾಕ್ಟ್ರನ್ನ ಇಲ್ಲಿಗೇ ಕರ್ಕಂಡು ಬರ್ಲಿ."

ಓಂಕಾರಪ್ಪನವರು ಸೊಸೆಯ ಸೆರಗು ಹಿಡಿದರು. ಮನೆತನದ ಹೆಸರು ಎಂದೇನೋ ಹೇಳತೊಡಗಿದರು. ಗೌರಾಂಬೆ ಮಾವನ ಎದುರು ಅದುವರೆಗೆ ತಲೆ ಎತ್ತಿದವಳಲ್ಲ. ಆಗಲೂ ಎತ್ತಲಿಲ್ಲ, ಸೆರಗನ್ನು ಬಿಡಿಸಿಕೊಂಡು ಕಲ್ಲು ದಾಟಿದಳು. ದಾಟಿ ಬಂದು, ಬೇಲದ ಮರದ ಕೆಳಗೆ ಅಕ್ಕನ ಚಾಪೆಯ ಮೇಲೆ ಕೂತು ಕೂಸಿಗೆ ಹಾಲು ಕುಡಿಸತೊಡಗಿದಳು. ಪಂಚಾಕ್ಷರಯ್ಯನವರ ಹೆಂಡತಿಯೂ ಗುಂಪಿನ ಹಿಂದಿನಿಂದ ತನ್ನ ಕೂಸನ್ನು ಎತ್ತಿಕೊಂಡು ಮುಂದೆ ಬರುತ್ತಿದ್ದಳು. ಸಂಶೋಧಕರು ಮಡಚಿದ ಕಾಗದವನ್ನು ಬಿಚ್ಚಿದರು, ಮತ್ತೆ ಮಡಚಿದರು. ಡಾಕ್ಟರನ್ನು ಕರೆತರಲು ಓಂಕಾರಪ್ಪನವರೇ ಪಂಚೆ ಎತ್ತಿ ಕಟ್ಟಿಕೊಂಡು ಓಡಬೇಕಾಯಿತು, ಉಳಿದವರೆಲ್ಲ ನೋಡುವುದರಲ್ಲಿದ್ದರು.

ಡಬ್ಬದ ಮರಳು ಇನ್ನೂ ಕಾದಿದ್ದರೆ ಆ ಗುಂಪಿನ ಮೇಲೆ ಎರಚಿಬಿಡುತ್ತಿದ್ದೆ. ಬಾಯಿಗೆ ಬಂದ ಬೈಗುಳವನ್ನೆಲ್ಲ ಒಟ್ಟುಮಾಡಿಕೊಂಡು ಕಲ್ಲಿನ ಹತ್ತಿರಕ್ಕೆ ಹೊರಟೆ. ಅಕ್ಕ ಹಿಂದಿನಿಂದ ನನ್ನ ರಟ್ಟೆ ಹಿಡಿದಳು. ಅವಳ ಮುಖ ಒದ್ದೆಯಾಗಿತ್ತು, ಮನೆಯ ಕಡೆಗೆ ಬೆನ್ನು ಮಾಡಿ ನಿಂತಿದ್ದಳು.

"ಒಲೆ ಹಚ್ಚು ತಿಪ್ಪಿ," ಎಂದಳು. "ಬೆಳಗಿಂದ ನಿಂತವ್ರೆ, ಯಾರೂ ಏನೂ ತಿಂದಂಗಿಲ್ಲ."